ಚೈನ್‌ಸಾ ಎಳೆಯುತ್ತಿಲ್ಲವೇ? ಟ್ಯೂನ್ ಮಾಡುವ ಕ್ರಮ ಹೀಗಿದೆ

ಮಳೆಗಾಲದ ಗಾಳಿಗೆ ತೋಟದ ದಾರಿಗೆ ಅಡ್ಡ ಬಿದ್ದ ಮರ ಕೊಯ್ಯಲು ತೀರ್ಥಹಳ್ಳಿ, ಹೊಸನಗರದ ಕಡೆ ಚೈನ್‌ಸಾ ಬೇಕೇ ಬೇಕು. ಅದು ಸ್ವಲ್ಪ ಸೋತಂತೆ ಕಂಡರೂ ಸಾಕು, ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರ್ ತಿರುಗಿಸಲು ಹೊರಡುತ್ತಾರೆ. ಎಷ್ಟೋ ಪಿಸ್ಟನ್‌ಗಳು ಸೀಜ್ ಆಗುವುದು ಇದರಿಂದಲೇ.

ಮೊದಲು ಚೈನ್ ನೋಡಿ. ಚಕ್ಕೆಯ ಬದಲು ನುಣ್ಣನೆ ಪುಡಿ ಉದುರುತ್ತಿದ್ದರೆ ಹಲ್ಲು ಮೊಂಡಾಗಿದೆ ಎಂದರ್ಥ. ಚೈನಿಗೆ ಹೊಂದುವ ಉರುಟು ಅರದಿಂದ (ಕೊಂಡಿಗಳ ಅಂತರದ ಅಳತೆಯಾದ ಪಿಚ್ .325 ಇಂಚಾದರೆ 4.8 ಮಿ.ಮೀ.) ಎಲ್ಲ ಹಲ್ಲನ್ನೂ ಒಂದೇ ಕೋನದಲ್ಲಿ ಉಜ್ಜಿ. ಏರ್ ಫಿಲ್ಟರ್ ಸ್ವಚ್ಛಗೊಳಿಸಿ. ಪ್ಲಗ್ ಬಿಚ್ಚಿದಾಗ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಜಿಡ್ಡುಗಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ.

ಇಂಧನ ಹೊಸದಾಗಿ ಬೆರೆಸಿ. 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್. ಈಗ ಬಂಕ್‌ನಲ್ಲಿ ಸಿಗುವ ಇ20 (ಶೇ 20ರಷ್ಟು ಎಥೆನಾಲ್ ಬೆರೆಸಿದ) ಪೆಟ್ರೋಲಿನ ಎಥೆನಾಲ್ ತೇವ ಹೀರುತ್ತದೆ. ಆಗುಂಬೆ ಸೀಮೆಯ ಜುಲೈ ಥಂಡಿಯಲ್ಲಿ ವಾರಗಟ್ಟಲೆ ಕ್ಯಾನಿನಲ್ಲಿಟ್ಟ ಮಿಶ್ರಣ ಹಾಕಿ ಟ್ಯೂನ್ ಮಾಡುವುದು ವ್ಯರ್ಥ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಸೆಟ್ಟಿಂಗ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದು, ಇದನ್ನು ನೆನಪಿಡಿ.

ಈಗ ಕಾರ್ಬುರೇಟರಿನ ಸ್ಕ್ರೂಗಳು. ‘ಎಲ್’ ಕಡಿಮೆ ವೇಗದ ಪೆಟ್ರೋಲಿಗೆ, ‘ಎಚ್’ ಪೂರ್ತಿ ವೇಗದ ಪೆಟ್ರೋಲಿಗೆ, ‘ಎಲ್‌ಎ’ ಐಡಲ್ (ರೇಸ್ ಕೊಡದಿದ್ದಾಗಿನ) ವೇಗಕ್ಕೆ. ‘ಎಲ್’, ‘ಎಚ್’ ಬಿಚ್ಚುವುದು ಎಂದರೆ ಎಡಕ್ಕೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸುವುದು. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಬಾರ್ (ಚೈನ್ ಸುತ್ತುವ ಪಟ್ಟಿ) ಏನಕ್ಕೂ ತಾಗದಿರಲಿ. ‘ಎಲ್’ ಸ್ಕ್ರೂ ತಿರುಗಿಸುತ್ತ ಐಡಲ್ ಅತಿ ಜೋರಾಗುವ ಜಾಗ ಹುಡುಕಿ, ಅಲ್ಲಿಂದ ತುಸು ಬಿಚ್ಚಿ. ರೇಸ್ ಕೊಟ್ಟಾಗ ತಡವರಿಸಿದರೆ ಇನ್ನಷ್ಟು ಬಿಚ್ಚಿ. ‘ಎಲ್‌ಎ’ಯಿಂದ ಐಡಲ್ ಇಳಿಸಿ, ಟ್ರಿಗರ್ ಬಿಟ್ಟಾಗ ಚೈನ್ ಅಲುಗಲೇಬಾರದು.

‘ಎಚ್’ಗೆ ಕಿವಿ ಕೊಡಬೇಕು. ಪೂರ್ತಿ ರೇಸ್‌ನಲ್ಲಿ ಒಂದೆರಡು ಸೆಕೆಂಡ್ ಮಾತ್ರ ಹಿಡಿಯಿರಿ. ಖಾಲಿ ಓಡುವಾಗ ಶಬ್ದ ತುಸು ಒಡೆದಂತೆ, ಗುರುಗುರು ಎನ್ನಬೇಕು. ಮರಕ್ಕೆ ಇಟ್ಟೊಡನೆ ಅದು ಸ್ವಚ್ಛವಾಗಬೇಕು. ಖಾಲಿಯಲ್ಲೇ ಕೀಚಲಾಗಿ ಕೂಗಿದರೆ ಕೂಡಲೇ ಬಿಚ್ಚಿ. ಆ ಕೂಗನ್ನು ಶಕ್ತಿ ಎಂದುಕೊಳ್ಳುವವರಿದ್ದಾರೆ, ನಿಜವಾಗಿ ಅದು ಪೆಟ್ರೋಲ್ ಜತೆ ಆಯಿಲ್ಲೂ ಸಾಲದ ಎಂಜಿನ್ನಿನ ಶಬ್ದ. ಎಂಜಿನ್ ವೇಗ ಅಳೆಯುವ ಟ್ಯಾಕೋಮೀಟರ್ ಸಿಕ್ಕರೆ ಕೈಪಿಡಿಯ ಗರಿಷ್ಠ ವೇಗ ದಾಟದಂತೆ ನೋಡಿಕೊಳ್ಳಿ. ತಾನೇ ಹೊಂದಿಸಿಕೊಳ್ಳುವ ಹೊಸ ಮಾದರಿಗಳಲ್ಲಿ ಈ ಕೆಲಸವೇ ಇಲ್ಲ.

ಸೈಲೆನ್ಸರ್ ತೂತು ದೊಡ್ಡದು ಮಾಡಿಸಿದರೆ ಎಳೆತ ಹೆಚ್ಚುತ್ತದೆ, ನಿಜ. ಆದರೆ ಹೊಗೆ ಸಲೀಸಾಗಿ ಹೊರಹೋಗಿ ಗಾಳಿ ಹೆಚ್ಚು ಬರುವುದರಿಂದ ‘ಎಚ್’ ಮತ್ತೆ ಬಿಚ್ಚಲೇಬೇಕು, ಸದ್ದೂ ಏರುತ್ತದೆ. ಒಳಗಿನ ಕಿಡಿ ತಡೆಯುವ ಜಾಲರಿಯನ್ನು ಮಾತ್ರ ಕಿತ್ತೆಸೆಯಬೇಡಿ. ಮಾರ್ಚ್‌ನಲ್ಲಿ ಒಣ ದರಗಿಗೆ ಒಂದು ಕಿಡಿ ಸಾಕು, ಗುಡ್ಡವೇ ಹೊತ್ತಿಕೊಳ್ಳುತ್ತದೆ. ಮಸಿ ಕಟ್ಟಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ಅಲ್ಲೇ ಕೂರಿಸಿ.