ಅರ್ಜಿ ಕೊನೆಯವರೆಗೂ ಸಲ್ಲಬೇಕು: ಸ್ಥಳೀಯ ಸಂಸ್ಥೆಗಳ ಕನ್ನಡ ಜಾಲತಾಣಗಳನ್ನು ಸರಿಪಡಿಸಿದ ಅನುಭವ

ಸ್ಥಳೀಯ ಸಂಸ್ಥೆಯ ಜಾಲತಾಣಕ್ಕೆ ಜನ ಬರುವುದು ಕೆಲಸವಿದ್ದಾಗ. ತೆರಿಗೆ ಕಟ್ಟಬೇಕು, ಜನನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು, ಬೀದಿ ದೀಪ ಕೆಟ್ಟಿದೆ ಎಂದು ದೂರು ಕೊಡಬೇಕು. ಅಂಗವೈಕಲ್ಯವಿರುವವರೂ ಇವನ್ನು ತಾವೇ ಮಾಡಿಕೊಳ್ಳುವಂತೆ ತಾಣವನ್ನು ಸರಿಪಡಿಸುವುದು ನನ್ನ ಕೆಲಸ. ಹಾಗಾಗಿ ನಾನು ಮುಖಪುಟದಿಂದ ಶುರು ಮಾಡುವುದಿಲ್ಲ. ಇಂಥ ನಾಲ್ಕೈದು ಕೆಲಸಗಳನ್ನು ಆರಿಸಿಕೊಂಡು, ಒಂದೊಂದನ್ನೂ ರಸೀದಿ ಕೈಗೆ ಬರುವವರೆಗೆ ಮೌಸ್ ಮುಟ್ಟದೆ, ಬರೀ ಕೀಬೋರ್ಡಿನಿಂದ ಮಾಡಿ ನೋಡುತ್ತೇನೆ. ಎಲ್ಲಿ ಸಿಕ್ಕಿಕೊಂಡೆನೋ ಅದೇ ಮೊದಲ ದುರಸ್ತಿ ಪಟ್ಟಿ.

ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಗಳು, ಎಸ್ಕೇಪ್: ಇಷ್ಟೇ ಸಾಕು. ಹೆಚ್ಚಾಗಿ ಕಾಣುವ ದೋಷ ಮೂರು. ಫೋಕಸ್ (ಒತ್ತಿದ ಕೀ ಪುಟದ ಯಾವ ಭಾಗಕ್ಕೆ ತಾಗುತ್ತದೋ ಆ ಜಾಗ) ಎಲ್ಲಿದೆ ಎಂದು ತೋರಿಸುವ ಗೆರೆಯನ್ನು ಅಂದಕ್ಕಾಗಿ ತೆಗೆದಿರುತ್ತಾರೆ. ಮೆನು ಮೌಸ್ ತಾಗಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಪಾಪ್‌ಅಪ್ ತೆರೆದರೂ ಫೋಕಸ್ ಹಿಂದಿನ ಪುಟದಲ್ಲೇ ಅಲೆಯುತ್ತಿರುತ್ತದೆ. ಎರಡನೆಯದಕ್ಕೆ ಬಹುಪಾಲು ಕಾರಣ: ಡಿವ್ ಎಂಬ ಬರೀ ಚೌಕಟ್ಟಿಗೆ ಬಣ್ಣ ಬಳಿದು ಬಟನ್ ಎಂದು ಕೂರಿಸಿರುವುದು. ಅಲ್ಲಿ ನಿಜವಾದ ಬಟನ್ ಎಲಿಮೆಂಟ್ ಹಾಕಿದರೆ ಕೀಬೋರ್ಡ್ ತಾನಾಗಿ ಕೆಲಸ ಮಾಡುತ್ತದೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕೂಡ ಅದನ್ನು ಬಟನ್ ಎಂದೇ ಹೇಳುತ್ತದೆ. ಡಿವ್ ಉಳಿಸಿಕೊಂಡು ಮೇಲೆ ಸ್ಕ್ರೀನ್ ರೀಡರ್‌ಗೆ ಸುಳಿವು ಕೊಡುವ ಏರಿಯಾ (ARIA) ಗುಣಲಕ್ಷಣಗಳನ್ನು ಪೇರಿಸುವುದು ದುಡಿಮೆ ಹೆಚ್ಚು, ಫಲ ಕಡಿಮೆ.

ಆಮೇಲೆ ಸ್ಕ್ರೀನ್ ರೀಡರ್. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್. ಎರಡರಲ್ಲೂ ನೋಡಲೇಬೇಕು.

ಕನ್ನಡ ತಾಣಗಳ ನಿಜವಾದ ಕಗ್ಗಂಟು ಇಲ್ಲೇ ಹೊರಬೀಳುತ್ತದೆ. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ ಗುಣಲಕ್ಷಣ ಹೇಳಬೇಕು. ಕನ್ನಡಕ್ಕೆ ಅಲ್ಲಿ 'ಕೆಎನ್' (kn) ಎಂದಿರಬೇಕು. ಟೆಂಪ್ಲೇಟ್ ಜತೆ ಬಂದ, ಇಂಗ್ಲಿಷ್ ಸೂಚಿಸುವ 'ಇಎನ್' (en) ಹಾಗೆಯೇ ಉಳಿದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಟು ತಡವರಿಸುತ್ತದೆ, ಇಲ್ಲವೇ ಸುಮ್ಮನೆ ದಾಟಿಹೋಗುತ್ತದೆ. ಒಂದು ಪದ ಬದಲಿಸುವ ಕೆಲಸ. ಇಡೀ ತಾಣ ಮಾತಾಡತೊಡಗುತ್ತದೆ. ಕನ್ನಡ ಪುಟದ ನಡುವೆ ಇಂಗ್ಲಿಷ್ ಪ್ಯಾರಾ ಇದ್ದರೆ ಅದಕ್ಕೆ ಪ್ರತ್ಯೇಕವಾಗಿ 'ಇಎನ್' ಗುರುತು ಹಾಕಬೇಕು.

ಹಳೆಯ ಆಸ್ಕಿ ಫಾಂಟ್‌ಗಳದ್ದು ಇನ್ನೂ ದೊಡ್ಡ ತೊಂದರೆ. ಅವುಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿ ಇಲ್ಲ. ಪರಿವರ್ತಕ ಓಡಿಸಿದ ಮೇಲೂ ಒಬ್ಬರು ಕೂತು ಓದಬೇಕು, ಏಕೆಂದರೆ ಅರ್ಕಾವತ್ತು ಸ್ಥಳ ತಪ್ಪುತ್ತದೆ. 'ಸೂರ್ಯ' ಎಂಬಲ್ಲಿ ಅರ್ಕ ಕಾಣುವುದು ಯಕಾರದ ಆಚೆ, ಯೂನಿಕೋಡ್‌ನಲ್ಲಿ ರಕಾರ ಬರುವುದು ಮೊದಲು. ಜನರ ಹೆಸರು, ಬಡಾವಣೆಯ ಹೆಸರುಗಳಲ್ಲಿ ಈ ತಪ್ಪು ಸುಲಭವಾಗಿ ಕಣ್ತಪ್ಪುತ್ತದೆ. ಇನ್ನೊಂದು: ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ, ಸಂಕೇತ ಮಾತ್ರ ಬೇರೆ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿದ್ದರೆ ಮೊತ್ತವೂ ದಿನಾಂಕವೂ ಕಿವಿಗೆ ತಪ್ಪಾಗಿ ಬೀಳುತ್ತವೆ, ಹುಡುಕಿದರೂ ಸಿಗುವುದಿಲ್ಲ. ಕನ್ನಡ ಅಂಕಿಯ ಪಕ್ಕದಲ್ಲೇ ಅನುಸ್ವಾರ ಬಂದಿರುವ ಕಡೆಗಳನ್ನೆಲ್ಲ ಹುಡುಕಿ ತಿದ್ದುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಅರ್ಜಿ ನಮೂನೆ. ಪ್ರತಿ ಖಾನೆಗೂ ಲೇಬಲ್ ಬೇಕು, ಅದು ಫಾರ್ (for) ಮತ್ತು ಐಡಿ (id) ಎಂಬ ಗುಣಲಕ್ಷಣಗಳ ಮೂಲಕ ಖಾನೆಗೆ ಕಟ್ಟಿರಬೇಕು. ಖಾನೆಯೊಳಗೆ ಮಸುಕಾಗಿ ಬರೆದ ಸೂಚನೆ ಲೇಬಲ್ ಅಲ್ಲ. ಟೈಪ್ ಮಾಡಿದೊಡನೆ ಅದು ಮಾಯವಾಗುತ್ತದೆ, ಮರೆವಿನ ತೊಂದರೆ ಇರುವವರು ಅಲ್ಲೇ ಕಂಗಾಲಾಗುತ್ತಾರೆ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ಬಿಚ್ಚುವ ಬದಲು ದಿನ, ತಿಂಗಳು, ವರ್ಷ ಎಂದು ಮೂರು ಸಾದಾ ಖಾನೆ ಕೊಡುತ್ತೇನೆ. ಕ್ಯಾಲೆಂಡರಿನಲ್ಲಿ 60 ವರ್ಷ ಹಿಂದಕ್ಕೆ ಹೋಗುವುದು ಯಾರಿಗೂ ಹಿತವಲ್ಲ.

ತಪ್ಪಾದಾಗ ಖಾನೆಯ ಅಂಚು ಕೆಂಪಾದರೆ ಸಾಲದು. ನಮೂನೆಯ ಮೇಲ್ಭಾಗದಲ್ಲಿ ತಪ್ಪುಗಳ ಪಟ್ಟಿ ಬರಬೇಕು, ಫೋಕಸ್ ಅಲ್ಲಿಗೆ ಹೋಗಬೇಕು, ಪಟ್ಟಿಯ ಪ್ರತಿ ಸಾಲೂ ಆಯಾ ಖಾನೆಗೆ ಕೊಂಡಿಯಾಗಿರಬೇಕು. ಸಂದೇಶವೂ ಕೆಲಸಕ್ಕೆ ಬರುವಂತಿರಲಿ: 'ಅಮಾನ್ಯ ನಮೂದು' ಅಲ್ಲ, 'ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು, ನೀವು 9 ಹಾಕಿದ್ದೀರಿ'. ಮತ್ತು ತುಂಬಿದ ಉಳಿದ ಖಾನೆಗಳು ಖಾಲಿಯಾಗಕೂಡದು. ಒಂದೊಂದು ಅಕ್ಷರಕ್ಕೂ ಶ್ರಮಪಟ್ಟವರಿಗೆ ಅದು ಕ್ರೌರ್ಯ.

ತುಂಬುತ್ತಿರುವುದು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಬಗ್ಗೆ ನನ್ನ ನಿಲುವು ಖಚಿತ: ತೆಗೆದುಬಿಡಿ. ಚಿತ್ರದ ಅಕ್ಷರ ಕಾಣದವರಿಗೆ ಆಡಿಯೋ ಕೊಟ್ಟಿದ್ದೇವೆ ಎನ್ನುತ್ತಾರೆ. ಆ ಆಡಿಯೋ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ, ಕಣ್ಣು ಕಿವಿ ಎರಡೂ ಮಂದವಾದವರಿಗೆ ಅದೂ ಇಲ್ಲ. ಮನುಷ್ಯರಿಗೆ ಕಾಣದ, ಬಾಟ್‌ಗಳು (ತಾನಾಗಿ ನಮೂನೆ ತುಂಬುವ ಪ್ರೋಗ್ರಾಂಗಳು) ಮಾತ್ರ ತುಂಬುವ ಬಚ್ಚಿಟ್ಟ ಖಾನೆ, ಒಂದೇ ಕಡೆಯಿಂದ ಬರುವ ಕೋರಿಕೆಗಳಿಗೆ ಸರ್ವರ್‌ನಲ್ಲಿ ಮಿತಿ, ಇವೆರಡು ಸೇರಿದರೆ ದೂರಿನ ನಮೂನೆಗೆ ಸಾಮಾನ್ಯವಾಗಿ ಸಾಕು. ಬಚ್ಚಿಟ್ಟ ಖಾನೆಯನ್ನು ಸ್ಕ್ರೀನ್ ರೀಡರ್‌ಗೂ ಟ್ಯಾಬ್‌ಗೂ ಸಿಗದಂತೆ ಮರೆಮಾಡಬೇಕು. ಇಲ್ಲದಿದ್ದರೆ ಅಂಧರು ಅದನ್ನು ತುಂಬಿ, ಅವರ ಅರ್ಜಿಯೇ ತಿರಸ್ಕೃತವಾಗುತ್ತದೆ. ಒಟಿಪಿ ಇದ್ದರೆ 30 ಸೆಕೆಂಡಿನ ಗಡುವು ಬೇಡ, ಪೇಸ್ಟ್ ಮಾಡುವುದನ್ನು ತಡೆಯುವುದೂ ಬೇಡ. ಸೆಷನ್ ಮುಗಿಯುವ ಮುನ್ನ ಎಚ್ಚರಿಕೆ ಕೊಟ್ಟು, ಒಂದು ಕೀ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಬಿಡಬೇಕು ಎಂದು ಜಾಲತಾಣ ಎಲ್ಲರಿಗೂ ಎಟುಕುವಂತಿರಲು ರೂಪಿಸಿದ ಅಂತಾರಾಷ್ಟ್ರೀಯ ಡಬ್ಲ್ಯುಸಿಎಜಿ (WCAG) ಮಾರ್ಗಸೂಚಿಯ 2.2.1ನೇ ಅಂಶ ಹೇಳುತ್ತದೆ.

ದಾಖಲೆಗಳಿಗೆ ಹಿಡಿಯುವಷ್ಟು ಸಮಯ ಇನ್ನಾವುದಕ್ಕೂ ಹಿಡಿಯುವುದಿಲ್ಲ. ಸಹಿ, ಮೊಹರು ಬಿದ್ದ ಹಾಳೆಯನ್ನು ಸ್ಕ್ಯಾನ್ ಮಾಡಿ ಏರಿಸುವ ರೂಢಿ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಪುಟ. ಇಡೀ ಸಂಗ್ರಹವನ್ನು ಒಮ್ಮೆಗೇ ಸರಿಪಡಿಸಲು ಹೋದರೆ ಸೋಲು ಖಂಡಿತ. ಚಾಲ್ತಿಯಲ್ಲಿರುವ ಅರ್ಜಿಗಳು ಮೊದಲು, ಕೊನೆಯ ದಿನಾಂಕವಿರುವ ಪ್ರಕಟಣೆಗಳು ಆಮೇಲೆ, ಹೆಚ್ಚು ಡೌನ್‌ಲೋಡ್ ಆಗುವವು ಅದರ ನಂತರ. ಸಾಧ್ಯವಿದ್ದಲ್ಲೆಲ್ಲ ಪಿಡಿಎಫ್ ಬಿಟ್ಟು ವಿಷಯವನ್ನು ನೇರವಾಗಿ ಪುಟದಲ್ಲೇ ಹಾಕಿ, ಸಹಿಯಿರುವ ಪ್ರತಿಯನ್ನು ಕೆಳಗೆ ಜೋಡಿಸಿದರಾಯಿತು. ಪಿಡಿಎಫ್ ಬೇಕೇ ಬೇಕೆಂದರೆ ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟು, 'ಸೇವ್ ಆ್ಯಸ್' ಮೂಲಕ ರಚನೆ ತಿಳಿಸುವ ಟ್ಯಾಗ್‌ಗಳೊಂದಿಗೆ ಉಳಿಸಬೇಕು. 'ಪ್ರಿಂಟ್ ಟು ಪಿಡಿಎಫ್' ಒತ್ತಿದರೆ ಆ ರಚನೆಯೆಲ್ಲ ಉದುರಿಹೋಗುತ್ತದೆ. ಮೂಲ ಕಡತವೇ ಸಿಗದ ಹಳೆಯ ಹಾಳೆಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಚಿತ್ರದಿಂದ ಅಕ್ಷರ ಗುರುತಿಸುವ ಟೆಸರ್ಯಾಕ್ಟ್ ತಂತ್ರಾಂಶದ ಕನ್ನಡ ಮಾದರಿಗೆ ಕೊಡಬಹುದು. ಮೊಹರು ಬಿದ್ದ ಜಾಗ, ಒತ್ತಕ್ಷರ, ಕೋಷ್ಟಕದ ಅಂಕಿ ಇವನ್ನು ಕೈಯಾರೆ ತಾಳೆ ನೋಡಲೇಬೇಕು. ಒಂದು ಅಂಕಿ ತಪ್ಪಿದರೂ ತೆರಿಗೆ ದರವೇ ಬದಲಾಗುತ್ತದೆ.

ಕಣ್ಣಿಗೆ ಸಂಬಂಧಿಸಿದವು ಹೋಲಿಕೆಯಲ್ಲಿ ಸುಲಭ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು, ದೊಡ್ಡ ಅಕ್ಷರಕ್ಕೆ 3:1. ಬಿಳಿಯ ಮೇಲೆ ಬೂದು ಬಣ್ಣ ಬೇಕಿದ್ದರೆ #767676 ಎಂಬ ಸಂಕೇತದ ಬಣ್ಣವೇ ಗಡಿ. ಅದಕ್ಕಿಂತ ತಿಳಿಯಾದದ್ದು ಬೇಡ. 1280 ಪಿಕ್ಸೆಲ್ ಅಗಲದ ಪರದೆಯನ್ನು ಶೇ 400ಕ್ಕೆ ಹಿಗ್ಗಿಸಿದಾಗ ಅಡ್ಡಡ್ಡ ಸರಿಸದೆ ಓದಲು ಬರಬೇಕು. ಕನ್ನಡದಲ್ಲಿ ಇನ್ನೊಂದು ಎಚ್ಚರಿಕೆ: ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ ಬಟನ್ನುಗಳ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಸುಮಾರು 1.6 ಪಟ್ಟು ಇಟ್ಟು, ಬಟನ್ನಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದಿದ್ದರೆ ಸರಿಹೋಗುತ್ತದೆ. ಓಡುವ ಪ್ರಕಟಣೆ ಸಾಲನ್ನು ನಿಲ್ಲಿಸಿ, ಪಟ್ಟಿಯಾಗಿ ಹಾಕಿ.

ತಾಣದ ದೋಷಗಳನ್ನು ತಾನಾಗಿ ಹುಡುಕುವ ಆ್ಯಕ್ಸ್, ವೇವ್ ಥರದ ಉಪಕರಣಗಳನ್ನು ನಾನೂ ಓಡಿಸುತ್ತೇನೆ. ಲೇಬಲ್ ಇಲ್ಲದ ಖಾನೆ, ಬಣ್ಣದ ವ್ಯತ್ಯಾಸ ಇವನ್ನು ಅವು ಥಟ್ಟನೆ ಹಿಡಿಯುತ್ತವೆ. ಆದರೆ ಚಿತ್ರ ಕಾಣದವರಿಗಾಗಿ ಅದರ ಜತೆ ಬರೆಯುವ ಪರ್ಯಾಯ ಪಠ್ಯದಲ್ಲಿ 'ಚಿತ್ರ1' ಎಂದಿದ್ದರೂ ಅವಕ್ಕೆ ಸಮಾಧಾನವೇ. ಮೂಲೆಯಲ್ಲಿ ಗಾಲಿಕುರ್ಚಿಯ ಗುರುತಿಟ್ಟು, ಒಂದು ಸಾಲಿನ ಕೋಡ್ ಹಾಕಿದರೆ ತಾಣ ಸುಗಮವಾಗುತ್ತದೆ ಎಂದು ಮಾರುವ ವಿಜೆಟ್‌ಗಳಿಗೆ ಹಣ ಕೊಡಬೇಡಿ. ಆಸ್ಕಿ ಅಕ್ಷರವನ್ನಾಗಲಿ ಸ್ಕ್ಯಾನ್ ಹಾಳೆಯನ್ನಾಗಲಿ ಅವು ಸರಿಮಾಡಲಾರವು. ಎಷ್ಟೋ ಸಲ ಬಳಕೆದಾರರ ಸ್ವಂತ ಸ್ಕ್ರೀನ್ ರೀಡರ್‌ಗೇ ಅಡ್ಡಬರುತ್ತವೆ. ಆ ಹಣವನ್ನು ಅಂಗವೈಕಲ್ಯವಿರುವ ನಾಲ್ಕೈದು ಬಳಕೆದಾರರಿಗೆ ಸಂಭಾವನೆಯಾಗಿ ಕೊಟ್ಟು, ಅವರದೇ ಫೋನಿನಲ್ಲಿ ಒಂದು ಅರ್ಜಿ ಸಲ್ಲಿಸಲು ಹೇಳಿ. ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ. ನೆರವಾಗಲು ಹೋದರೆ ದೋಷ ಅಡಗಿಬಿಡುತ್ತದೆ.

ಸರಿಪಡಿಸಿದ ತಾಣ ಮತ್ತೆ ಕೆಡುವುದು ದಿನನಿತ್ಯ ವಿಷಯ ಏರಿಸುವ ಮೇಜಿನಲ್ಲಿ. ಪರ್ಯಾಯ ಪಠ್ಯ ಖಾಲಿಯಿದ್ದರೆ ಚಿತ್ರ ಪ್ರಕಟವಾಗದಂತೆ, ಒಳಗೆ ಅಕ್ಷರವಿಲ್ಲದ ಪಿಡಿಎಫ್ ಏರದಂತೆ ವ್ಯವಸ್ಥೆಯಲ್ಲೇ ತಡೆ ಹಾಕಿಸಬೇಕು. ಬರೀ ಅಲಂಕಾರದ ಚಿತ್ರಕ್ಕೆ 'ಅಲಂಕಾರಿಕ' ಎಂಬ ಟಿಕ್ ಗುರುತು ಇರಲಿ, ಇಲ್ಲದಿದ್ದರೆ ಸಿಬ್ಬಂದಿ ಏನಾದರೊಂದು ತುಂಬಿ ದಾಟುತ್ತಾರೆ. ಪ್ರತಿ ಪುಟದ ಅಡಿಯಲ್ಲಿ ತೊಂದರೆ ತಿಳಿಸಲು ಒಂದು ದೂರವಾಣಿ ಸಂಖ್ಯೆ, ಒಂದು ಇಮೇಲ್ ಹಾಕಿ. ಕರೆ ತೆಗೆದುಕೊಳ್ಳುವವರ ಮುಂದೆ ಮೂರು ಪ್ರಶ್ನೆ ಬರೆದಿಟ್ಟಿರಲಿ: ಯಾವ ಪುಟ, ಯಾವ ಸಾಧನ, ಯಾವ ಹಂತದಲ್ಲಿ ನಿಂತಿತು. ಉತ್ತರ ಬರೆದುಕೊಂಡ ಮೇಲೆ, ತಾಣ ಸರಿಯಾಗುವವರೆಗೆ ಕಾಯಿಸದೆ, ಆ ಅರ್ಜಿಯನ್ನು ಅದೇ ಕರೆಯಲ್ಲಿ ತಾವೇ ತುಂಬಿಕೊಡಬೇಕು.