ಕೆಳಗಿನ ಬರ್ತು, ಎರಡು ಪಂಚೆ: ಹನೋಯಿಂದ ಸೈಗಾನ್‌ವರೆಗೆ

"ಭಾವ, ದುಡ್ಡು ಉಳಿಸೋಕೆ ಹೋಗಿ ಅಕ್ಕನ ಸೊಂಟ ಮುರೀಬೇಡಿ" ಅಂದಿದ್ದ ನನ್ನ ಭಾವಮೈದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. 2019ರಲ್ಲಿ ನಾನೊಬ್ಬನೇ ವಿಯೆಟ್ನಾಂ ಸುತ್ತಿ ಬಂದಾಗ ವಾರಗಟ್ಟಲೆ ಕತ್ತು ತಿರುಗುತ್ತಿರಲಿಲ್ಲ. 2024ರಲ್ಲಿ ಹನೋಯಿಂದ ಸೈಗಾನ್ (ಈಗಿನ ಹೊ ಚಿ ಮಿನ್ ಸಿಟಿ) ವರೆಗಿನ ಅದೇ 1,726 ಕಿಲೋಮೀಟರನ್ನು ಮನೆಯವಳ ಜೊತೆ ರೈಲಿನಲ್ಲೇ ಮುಗಿಸಿದೆ. ಇಬ್ಬರ ಸೊಂಟವೂ ನೆಟ್ಟಗಿದೆ. ವೀಸಾ, ಟಿಕೆಟ್ ವಿಚಾರ ನಿಮಗೆ ಗೊತ್ತಿರೋದೇ, ಅದನ್ನು ಬಿಡ್ತೀನಿ.

ಮೊದಲ ಸಲ ಕೆಟ್ಟಿದ್ದು ಬರ್ತಿನಲ್ಲಿ. ಆರು ಜನರ ಕೂಪೆಯಲ್ಲಿ ಮೂರು ಅಂತಸ್ತು, ಮೇಲೆ ಹೋದಷ್ಟೂ ದರ ಇಳಿಯುತ್ತೆ. ನಮ್ಮ ಸ್ಲೀಪರಿನಲ್ಲಿ ಮೇಲಿನ ಬರ್ತ್ ಸಿಕ್ಕರೆ ಪುಣ್ಯ ಅನ್ನೋ ಲೆಕ್ಕದಲ್ಲೇ ಅದನ್ನು ಹಿಡಿದೆ. ಮೀಟರ್ ಗೇಜಿನ, ಅಂದರೆ ಕಿರಿದಾದ ಹಳಿಯ ಬೋಗಿ ಸ್ವಾಮಿ! ಎದ್ದು ಕೂರೋದಿರಲಿ, ಮಗ್ಗುಲು ಬದಲಿಸಿದರೂ ಭುಜ ಚಾವಣಿಗೆ ತಾಗುತ್ತಿತ್ತು. ಎಸಿ ಗಾಳಿ ನೇರ ಹಣೆಗೆ. ಹಳಿ ಫ್ರೆಂಚರು 1936ರಲ್ಲಿ ಮುಗಿಸಿದ್ದು, ಯುದ್ಧದಲ್ಲಿ ತುಂಡಾಗಿ 1976ರ ಕೊನೆಗೆ ಮತ್ತೆ ಕೂಡಿದ್ದು. ಹಾಗಾಗಿ ಕುಲುಕಾಟಕ್ಕೆ ಕೊರತೆ ಇಲ್ಲ. ಉಳಿದದ್ದು ನಾನೂರು ರೂಪಾಯಿ ಇರಬಹುದು, ನೋವಿನ ಸ್ಪ್ರೇಗೇ ಅಷ್ಟು ಹೋಯಿತು.

ಹನೋಯ್ ಹಳೇಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕ ರೂಮಿಗೆ ಕಿಟಕಿಯೇ ಇರಲಿಲ್ಲ. ಅಲ್ಲಿನ ಮನೆಗಳು ಕೊಳವೆ ಹಾಗೆ, ಮುಂಭಾಗ ಕಿರಿದು, ಒಳಗೆ ಉದ್ದಕ್ಕೆ ಹೋಗ್ತಾನೇ ಇರುತ್ತೆ. ನಡುವಿನ ರೂಮಿಗೆ ಬೆಳಕು ಬರೋದೆಲ್ಲಿಂದ? ಇನ್ನೂ ಕತ್ತಲೆ ಅಂತ ಮಲಗಿಯೇ ಇದ್ದೆ, ನೋಡಿದರೆ ಗಂಟೆ ಹನ್ನೊಂದು, ಬೆಳಗಿನ ರೈಲು ಹೋಗಿಯಾಗಿತ್ತು. ಟಿಕೆಟ್ ದುಡ್ಡು ಪೂರ್ತಿ ಮುಳುಗಿತು. ಅದೇ ದಿನ ಬೀದಿಯಲ್ಲಿ ಕಾಫಿ ಕುಡಿದು ಇಪ್ಪತ್ತು ಸಾವಿರ ಡಾಂಗ್ (ಅಲ್ಲಿನ ದುಡ್ಡು) ಅಂದುಕೊಂಡು ಐದು ಲಕ್ಷದ ನೋಟು ಕೊಟ್ಟು ಬಂದೆ. ಎರಡೂ ನೀಲಿ. ಅರವತ್ತು ರೂಪಾಯಿ ಕೊಡುವ ಕಡೆ ಹತ್ತಿರ ಹತ್ತಿರ ಸಾವಿರದ ಐನೂರು. ಈಗ ಐದು ಲಕ್ಷದ ನೋಟನ್ನು ಪರ್ಸಿನಲ್ಲಿ ಇಡೋದೇ ಇಲ್ಲ, ಎಲ್ಲಿ ಇಡ್ತೀನಿ ಅಂತ ಕೇಳಬೇಡಿ.

ಈ ಸಲ ಮಾಡಿದ್ದು ಇಷ್ಟು. ದಾರಿಯನ್ನು ಮೂರು ತುಂಡು ಮಾಡಿದೆ. ಹನೋಯಿಂದ ದೇಶದ ನಡುಭಾಗದ ಹುಯೆ ಊರಿಗೆ ರಾತ್ರಿ, ಹುಯೆಯಿಂದ ಕರಾವಳಿಯ ಡಾ ನಾಂಗ್‌ಗೆ ಹಗಲು, ಅಲ್ಲಿಂದ ಸೈಗಾನಿಗೆ 935 ಕಿಲೋಮೀಟರ್ ಮತ್ತೆ ರಾತ್ರಿ. ರಾತ್ರಿ ಆದರೆ ಕೆಳಗಿನ ಬರ್ತು, ಇಬ್ಬರಿಗೂ, ಎದುರುಬದುರು. ಅದು ಖಾಲಿ ಇಲ್ಲ ಅಂದರೆ ಆ ದಿನ ಹೊರಡೋದೇ ಇಲ್ಲ. ರಜಾ ದಿನಗಳಲ್ಲೂ ಎರಡು ಕೆಳಬರ್ತು ಒಟ್ಟಿಗೆ ಹೇಗೆ ಗಿಟ್ಟಿಸಿಕೊಂಡೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಹಗಲಿನ ತುಂಡಿಗೆ ಬರೀ ಸೀಟು ಸಾಕು, ಎಡಗಡೆ ಕಿಟಕಿ. ಹಾಯ್ ವಾನ್ ಘಟ್ಟದಲ್ಲಿ ಸಮುದ್ರ ಕಾಲಡಿಗೇ ಬರುತ್ತೆ. ಮನೆಯವಳು ಅಲ್ಲಿ ಮೊದಲ ಸಲ ಬೈಯೋದು ನಿಲ್ಲಿಸಿದ್ದು.

ಆರು ಬರ್ತಿನ ಕೂಪೆಯಲ್ಲಿ ಪರದೆ ಇರಲ್ಲ. ಪಂಚೆಯ ಅಂಚನ್ನು ನಡುಬರ್ತಿನ ಹಾಸಿಗೆ ಕೆಳಗೆ ಸಿಕ್ಕಿಸಿ ಇಳಿಬಿಟ್ಟರೆ ಆಯ್ತು, ಬೆಳಕೂ ಇಲ್ಲ, ಎಸಿ ಹೊಡೆತವೂ ಇಲ್ಲ. ಇನ್ನೊಂದು ಪಂಚೆ ಹಾಸೋಕೆ. ಮೇಲಿನ ಬರ್ತಿನ ಅಜ್ಜಿ ನನ್ನ ಗುಡಾರ ನೋಡಿ ನಕ್ಕು ನಕ್ಕು ಮೊಮ್ಮಗಳಿಗೆ ಫೋಟೋ ತೆಗೆಯೋಕೆ ಹೇಳಿದರು.

ಊಟದ ಪ್ರಯೋಗ ಬೇರೆ. ಬೋಗಿಯ ತುದಿಯಲ್ಲಿ ಬಿಸಿನೀರಿನ ನಲ್ಲಿ ಇದೆ, ಅಲ್ಲಿನವರು ಕಪ್ ನೂಡಲ್ಸ್‌ಗೆ ಹಿಡಿಯೋದು. ಉಪ್ಪಿಟ್ಟಿನ ರೆಡಿಮಿಕ್ಸ್ ಅದರಲ್ಲಿ ಹಸಿ ಹಿಟ್ಟಾಗಿ ಉಳಿಯಿತು. ಗಟ್ಟಿ ಅವಲಕ್ಕಿ ಸ್ಟೀಲ್ ಡಬ್ಬಿಯಲ್ಲಿ ಅರೆ ನೀರಿಗೆ ಹತ್ತು ನಿಮಿಷ, ಮೇಲೆ ಪುಳಿಯೋಗರೆ ಗೊಜ್ಜು, ಪಕ್ಕಾ. ಅಲ್ಲಿನ ಭಾಷೆಯಲ್ಲಿ 'ಚಾಯ್' ಅಂದರೆ ಸಸ್ಯಾಹಾರ, 'ಚಾ' ಅಂದರೆ ಟೀ. ಮೊದಲ ಸಲ ಟೀ ಕೇಳಿ ತೋಫು ತಿಂದಿದ್ದೇನೆ. ಹುಯೆಯಲ್ಲಿ ಬೌದ್ಧರು ಜಾಸ್ತಿ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಹೋದರೆ ಮೀನಿನ ಸಾಸ್ ಇಲ್ಲದ ಊಟಕ್ಕೆ ಅಲೆಯಬೇಕಿಲ್ಲ.

ಸೈಗಾನಿಗೆ ಬೆಳಗಿನ ಜಾವ ಇಳಿದೆವು. ಹೋಟೆಲಿನವರು ರೂಮು ಕೊಡೋದು ಮಧ್ಯಾಹ್ನ ಎರಡಕ್ಕೆ. ಅಲ್ಲಿ 'ನ್ಯಾ ಙೀ' ಅಂತ ಬೋರ್ಡಿರುವ ಸಣ್ಣ ವಸತಿಗಳಿವೆ, ಗಂಟೆ ಲೆಕ್ಕದಲ್ಲಿ ರೂಮು. ಒಂದನೇ ಕ್ಲಾಸಿನಲ್ಲಿ ಕಲಿತ ಙ ಕೊನೆಗೂ ಬಳಕೆಗೆ ಬಂತು. ಎರಡು ತಾಸಿಗೆ ಮುನ್ನೂರು ಚಿಲ್ಲರೆ ರೂಪಾಯಿ. ಬಿಸಿನೀರು, ಜೆಟ್ ಸ್ಪ್ರೇ, ಒಂದು ಕೋಳಿನಿದ್ದೆ. ಕೌಂಟರಿನ ಹುಡುಗ ನಮ್ಮಿಬ್ಬರ ಬಿಳಿಕೂದಲು ನೋಡಿ ಏನಂದುಕೊಂಡನೋ, ಮನೆಯವಳು ಮುಖ ಎತ್ತಲಿಲ್ಲ. ಸ್ನಾನ ಆದ ಮೇಲೆ "ಭಾನುವಿಗೆ ಇದನ್ನ ಹೇಳಬೇಡಿ" ಅಂದಳು. ಭಾನು ಅವಳ ತಂಗಿ.

ಖರ್ಚು ನೆನಪಿನ ಲೆಕ್ಕ. ಇಬ್ಬರಿಗೆ ರೈಲು ಸುಮಾರು ಹದಿನಾಲ್ಕು ಸಾವಿರ, ಏಳು ರಾತ್ರಿ ಹೋಟೆಲು ಎಂಟು ಸಾವಿರದ ಹತ್ತಿರ. ಕಿಟಕಿ ಇರುವ ರೂಮಿಗೆ ದಿನಕ್ಕೆ ಇನ್ನೂರು ಜಾಸ್ತಿ ಕೊಟ್ಟಿದ್ದೂ ಇದರಲ್ಲೇ ಸೇರಿದೆ. ಭಾವಮೈದ ಪ್ಯಾಕೇಜಿನಲ್ಲಿ ತಲೆಗೆ ಎಷ್ಟು ಕೊಟ್ಟ ಅಂತ ಇಲ್ಲಿ ಬರೆದರೆ ಮನೆಯಲ್ಲಿ ಜಗಳ ಆಗುತ್ತೆ.

ಬಗೆಹರಿಯದ್ದು ಒಂದಿದೆ. ಅಗ್ಗದ ಹೋಟೆಲುಗಳಲ್ಲೂ ಬಾತ್‌ರೂಮಿಗೆ ಗಾಜಿನ ಗೋಡೆ ಮಾಡಿಸುತ್ತಾರೆ, ಮಂಚದಿಂದ ಎಲ್ಲಾ ಕಾಣುತ್ತೆ. ಅಲ್ಲಿಗೂ ಪಂಚೆ ನೇತುಹಾಕಿದೆ, ಹಾಸೋಕೆ ಉಳಿಯಲಿಲ್ಲ. ಮುಂದಿನ ಸಲಕ್ಕೆ ಮೂರನೆಯದು ತೆಗೆದಿಟ್ಟಿದ್ದೇನೆ.