ಮಾಯಾಪಾನ್: ಅರ್ಧ ದಿನದಲ್ಲಿ ನೋಡಿ ಬರಬಹುದಾದ ಮಾಯಾ ಪಟ್ಟಣ

ಅಮೆರಿಕದಲ್ಲಿರುವ ನಮ್ಮವರು ಡಿಸೆಂಬರ್ ರಜೆಗೆ ಮೆಕ್ಸಿಕೊದ ಕ್ಯಾನ್‌ಕುನ್‌ಗೆ ಹೋದರೆ ಮಾಯಾ ಜನಾಂಗದವರು ಕಟ್ಟಿದ ಹಳೇ ನಗರ ಚಿಚೆನ್ ಇಟ್ಸಾ ನೋಡದೆ ಬರುವುದಿಲ್ಲ. ಅಲ್ಲಿ ಬಸ್ಸುಗಟ್ಟಲೆ ಜನ. ಪಿರಮಿಡ್ ಹತ್ತುವ ಹಾಗಿಲ್ಲ. ದೂರದಿಂದಲೇ ಒಂದು ಫೋಟೊ, ಆಮೇಲೆ ವಾಪಸ್. ಅದೇ ಪಿರಮಿಡ್ಡಿನ ಮಾದರಿಯಲ್ಲಿ, ಅದಕ್ಕಿಂತ ಚಿಕ್ಕದಾಗಿ ಕಟ್ಟಿದ ಇನ್ನೊಂದು ಪಿರಮಿಡ್ ಮಾಯಾಪಾನ್‌ನಲ್ಲಿದೆ. ಎತ್ತರ ಸುಮಾರು 15 ಮೀಟರ್. ನೋಡಲು ಬರುವವರು ಕಡಿಮೆ. ಒಂದು ಕಲ್ಲಿನ ಮುಂದೆ ಹತ್ತು ನಿಮಿಷ ನಿಂತರೂ ಯಾರೂ ತಳ್ಳುವುದಿಲ್ಲ.

ಹಿಂದಿನ ರಾತ್ರಿ ಯುಕಟಾನ್ ರಾಜ್ಯದ ರಾಜಧಾನಿ ಮೆರಿಡಾದಲ್ಲಿ ಉಳಿದುಕೊಳ್ಳಿ. ಕ್ಯಾನ್‌ಕುನ್‌ನಿಂದ ಮೆರಿಡಾಗೆ ಸುಮಾರು 300 ಕಿ.ಮೀ., ಅದನ್ನೂ ಇದನ್ನೂ ಒಂದೇ ದಿನಕ್ಕೆ ಜೋಡಿಸಿದರೆ ಸುಸ್ತು. ಮೆರಿಡಾದಿಂದ ಮಾಯಾಪಾನ್ ಬರೀ 40 ಕಿ.ಮೀ. ಚಿಲ್ಲರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ. ಮೇ ತಿಂಗಳಲ್ಲಿ ಹೋದರೆ ರಾಯಚೂರಿನ ಬಿಸಿಲೇ ನೆನಪಾಗುತ್ತದೆ. ಹೊರಡುವ ಮುನ್ನ ತಾಣ ತೆರೆದಿದೆಯೇ ಎಂದು ಹೋಟೆಲಿನವರನ್ನು ಕೇಳಿ. ಇಂಥ ಸಣ್ಣ ಜಾಗಗಳನ್ನು ದುರಸ್ತಿಗೋ ಸ್ಥಳೀಯ ತಕರಾರಿಗೋ ಮುಚ್ಚುವುದುಂಟು.

ಮ್ಯಾಪ್‌ನಲ್ಲಿ ಸುಮ್ನೆ ‘ಮಾಯಾಪಾನ್’ ಎಂದು ಹಾಕಬೇಡಿ. ಅದೇ ಹೆಸರಿನ ಊರೊಂದು ಯುಕಟಾನ್‌ನಲ್ಲೇ ಬೇರೆ ಕಡೆ ಇದೆ. ಹಳೇ ಪಟ್ಟಣ ಇರುವುದು ತೆಲ್ಚಾಕಿಯೊ ಎಂಬ ಹಳ್ಳಿಯ ಪಕ್ಕದಲ್ಲಿ. ಬಾಡಿಗೆ ಕಾರಾದರೆ ಕನಾಸಿನ್, ಅಕಾಂಕೆ, ತೆಕೊ ದಾಟಿ ಹೋಗಿ. ಬಸ್ಸೋ ಶೇರ್ ವ್ಯಾನೋ ಆದರೆ ಹತ್ತುವಾಗಲೇ ಡ್ರೈವರ್‌ಗೆ ‘ಲಾಸ್ ರುಯಿನಾಸ್’ (ಹಾಳು ಪಟ್ಟಣ) ಎಂದು ಹೇಳಿಡಿ. ವಾಪಸ್ ಗಾಡಿ ಎಷ್ಟು ಹೊತ್ತಿಗೆ ಎಂದೂ ಆಗಲೇ ಕೇಳಿಕೊಳ್ಳಿ. ಸಾಧ್ಯವಾದರೆ ಅಕಾಂಕೆಯಲ್ಲಿ ಅರ್ಧ ಗಂಟೆ ಇಳಿಯಿರಿ. ಊರ ಚೌಕದಲ್ಲೇ ಮಾಯಾ ಪಿರಮಿಡ್, ಹತ್ತಿರದಲ್ಲೇ ಚರ್ಚ್, ಸುತ್ತ ಜನರ ಮನೆ.

ಬೆಳಿಗ್ಗೆ ಬೇಗ ಒಳಗಿದ್ದರೆ ಒಳ್ಳೆಯದು. ನೆರಳು ಕಡಿಮೆ. ಟೋಪಿ, ಹಿಡಿತ ಇರುವ ಶೂ, ಒಬ್ಬರಿಗೆ ಎರಡು ಲೀಟರ್ ನೀರು, ಟಿಕೆಟ್‌ಗೆ ಪೆಸೊ ನಗದು ಇಟ್ಟುಕೊಳ್ಳಿ. ಮಳೆಗಾಲವಾದರೆ ಸೊಳ್ಳೆಗೂ ಏನಾದರೂ ಹಚ್ಚಿಕೊಳ್ಳಿ.

ಮೊದಲು ನೇರ ಆಗಲೇ ಹೇಳಿದ ಪಿರಮಿಡ್ಡಿಗೆ, ಅಂದರೆ ಗರಿ ಹೊತ್ತ ಹಾವಿನ ದೇವರು ಕುಕುಲ್ಕಾನ್‌ನ ಪಿರಮಿಡ್ಡಿಗೆ ಹೋಗಿ. ಹತ್ತಲು ಬಿಡುತ್ತಾರೋ ಇಲ್ಲವೋ ಎಂದು ಗೇಟಿನಲ್ಲೇ ಕೇಳಿ. ಬಿಟ್ಟರೆ ಬಿಸಿಲೇರುವ ಮುಂಚೆ ಹತ್ತಿ, ಇಳಿಯುವಾಗ ಅಡ್ಡಡ್ಡ ಹೆಜ್ಜೆ ಹಾಕಿ. ಮೇಲಿಂದ ಕಾಣುವುದು ಚಪ್ಪಟೆ ಕಾಡು ಮಾತ್ರ. ಆದರೆ ಆ ಕಾಡಿನೊಳಗೆ ಸುಮಾರು 9 ಕಿ.ಮೀ. ಉದ್ದದ ಕೋಟೆಗೋಡೆ, ಅದರೊಳಗೆ 4,000ಕ್ಕೂ ಜಾಸ್ತಿ ಕಟ್ಟಡಗಳ ಕುರುಹು ಇದೆ. ನಾವು ಸುತ್ತಾಡುವುದು ಅದರ ನಡುಮನೆಯಲ್ಲಿ ಅಷ್ಟೇ.

ಕಲ್ಲಿನ ಕೆಲಸ ಒರಟು ಎಂದು ಮೂಗು ಮುರಿಯಬೇಡಿ. ಕಟ್ಟಿದವರು ಕಲ್ಲನ್ನು ನಯ ಮಾಡುವ ಗೋಜಿಗೇ ಹೋಗಲಿಲ್ಲ. ಮೇಲೆ ದಪ್ಪಗೆ ಸುಣ್ಣದ ಗಾರೆ ಮೆತ್ತಿ ಬಣ್ಣ ಬಳಿದರು. ಗಾರೆ ಮಳೆಗೆ ಕಿತ್ತುಹೋಯಿತು, ಒಳಗಿನ ಒರಟು ಉಳಿಯಿತು. ಗೋಪುರದ ಬಣ್ಣವೂ ಗಾರೆಯೂ ಉದುರಿದರೆ ಹೇಗೆ ಕಂಡೀತು, ಹಾಗೆ. ಹಾಗಾಗಿ ಗಾರೆ ಉಳಿದ ಕಡೆ ಜಾಸ್ತಿ ಹೊತ್ತು ನಿಲ್ಲಿ. ಗರಿಯ ಸೂರಿನ ಕೆಳಗೆ ಹಳೇ ಬಣ್ಣದ ಚಿತ್ರಗಳಿವೆ. ಪಿರಮಿಡ್ಡಿನ ಮೈಮೇಲಿನ ಗಾರೆಯ ಆಕೃತಿಗಳಲ್ಲಿ ತಲೆಯ ಜಾಗದಲ್ಲಿ ಗೂಡು ಮಾತ್ರ. ಅದರಲ್ಲಿ ನಿಜವಾದ ಬುರುಡೆ ಇಡುತ್ತಿದ್ದಿರಬಹುದು ಎಂಬ ಊಹೆ ಇದೆ. ಮುಟ್ಟಬೇಡಿ, ಫ್ಲ್ಯಾಶ್ ಬೇಡ.

ಆಮೇಲೆ ದುಂಡನೆಯ ಗುಡಿ, ಮಳೆದೇವರು ಚಾಕ್‌ನ ಮುಖವಾಡಗಳು. ಕೊನೆಗೆ ಸೆನೋಟೆ, ಅಂದರೆ ಸುಣ್ಣಕಲ್ಲು ಕುಸಿದು ಆದ ನೀರಿನ ಗುಂಡಿ. ಉತ್ತರ ಯುಕಟಾನ್‌ನಲ್ಲಿ ನೆಲದ ಮೇಲೆ ಹರಿಯುವ ನದಿಯೇ ಇಲ್ಲ. ಗೋಡೆಯೊಳಗೆ ಇಂಥ ಗುಂಡಿಗಳು ಹಲವು ಇದ್ದದ್ದರಿಂದಲೇ ಇಷ್ಟು ಜನ ಇಲ್ಲಿ ಬದುಕಿದರು.

ಒಂದು ನೆರಳು ಹಿಡಿದು ಕೂತು ಕಥೆಯನ್ನೂ ನೆನಪಿಸಿಕೊಳ್ಳಿ. ಚಿಚೆನ್ ಇಟ್ಸಾ ಮಂಕಾದ ಮೇಲೆ ಈ ಭಾಗಕ್ಕೆಲ್ಲ ಮಾಯಾಪಾನ್ ರಾಜಧಾನಿಯಾಯಿತು. ಆಳಿದ್ದು ಕೊಕೊಮ್ ಮನೆತನ. 1400ರ ನಂತರ ಬರ ಬಿತ್ತು, ಒಳಜಗಳ ಹೆಚ್ಚಿತು. 1441ರ ಹೊತ್ತಿಗೆ ಶಿಯು ಮನೆತನದವರು ದಂಗೆ ಎದ್ದು ಕೊಕೊಮರನ್ನು ಕೊಂದರು. ವ್ಯಾಪಾರಕ್ಕೆಂದು ದೂರ ಹೋಗಿದ್ದ ಒಬ್ಬ ಮಗ ಮಾತ್ರ ಉಳಿದ ಎಂದು ಸ್ಪೇನಿನ ಪಾದ್ರಿಯೊಬ್ಬರು 16ನೇ ಶತಮಾನದಲ್ಲಿ ಬರೆದಿಟ್ಟಿದ್ದಾರೆ. ಊರು ಹಾಳುಬಿತ್ತು.

ಎರಡು ಗಂಟೆ ಸಾಕು. ವಾಪಸ್ ಬರುತ್ತಾ ಊಟ. ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಎಂದರೆ ಮಾಂಸ ಬರುವುದಿಲ್ಲ, ಆದರೆ ಕರಿ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವುದುಂಟು. ಅದಕ್ಕೆ ‘ಸಿನ್ ಮಾಂತೆಕಾ’ ಎಂದೂ ಸೇರಿಸಿ. ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ ಬಿಸಿಬಿಸಿ ಸಿಗುತ್ತದೆ. ಪಕ್ಕದಲ್ಲೊಂದು ಬಟ್ಟಲು ಚಟ್ನಿ ಇಡುತ್ತಾರೆ. ಬ್ಯಾಡಗಿ ತಿಂದು ಬೆಳೆದವರು ನಾವು, ಇದೇನು ಮಹಾ ಅನ್ನಿಸುತ್ತೆ ಅಲ್ವಾ? ಅದು ಹಬನೇರೊ, ಬ್ಯಾಡಗಿಗಿಂತ ಎಷ್ಟೋ ಪಟ್ಟು ಖಾರದ ಮೆಣಸಿನಕಾಯಿ. ಮೊದಲು ಚಮಚದ ತುದಿಯಲ್ಲಿ ಒಂದು ಹನಿ ಹಾಕಿಕೊಂಡು ನೋಡಿ.